ಕುಂತೇ ಬಡೀತೇನಿ

ಮೊದಲ ಸಲ ಕಾಲು ಹಿಡಿದದ್ದು ಮಾಬೂಬಿಯ ಬಳೆ ಅಂಗಡಿಯ ಮುಂದೆ.

ಬೈಲಹೊಂಗಲದ ಬಜಾರದಿಂದ ನಮ್ಮ ಖಾನಾವಳಿಗೆ ಏನು ಮಹಾ ದೂರ? ಬದನೆಕಾಯಿ, ಮೆಂತೆಸೊಪ್ಪಿನ ಚೀಲ ಹಿಡಿದುಕೊಂಡು ಆ ದಾರಿಯಲ್ಲಿ ಅರ್ಧ ಆಯುಷ್ಯ ಓಡಾಡಿದವಳು ನಾನು. ಅವತ್ತು ನಡುದಾರಿಯಲ್ಲಿ ಎಡಗಡೆಯ ಕುಂಡೆಯನ್ನು ಯಾರೋ ಹಿಂಡಿದಂತಾಯಿತು. ನೋವು ತೊಡೆಗಿಳಿಯಿತು. ಕಾಲು ಎತ್ತಿಡಲು ಬರಲೊಲ್ಲದು. ನಿಂತೆ. ನಡುಬಜಾರದಲ್ಲಿ ಹೆಂಗಸು ಸುಮ್ಮನೆ ನಿಂತರೆ ನಾಕು ಮಂದಿ ಕೇಳುತ್ತಾರೆ. ಅದಕ್ಕೇ ಅಂಗಡಿಯ ಕಡೆ ಮುಖ ಮಾಡಿ, ಬಳೆ ನೋಡುವವಳ ಹಾಗೆ ನಿಂತೆ. ಸ್ವಲ್ಪ ಹೊತ್ತಿಗೆ ನೋವು ಮಾಯ. ಮತ್ತೆ ನಡೆದೆ.

ಮರುದಿನವೂ ಅದೇ ಜಾಗ, ಅದೇ ನೋವು. ಅದರ ಮರುದಿನವೂ.

"ಏನ ನೀಲಕ್ಕಾ, ದಿನಾ ಬಂದು ನೋಡಿ ಹೋಗತಿ. ಬಳಿ ಬೇಕೋ ಬ್ಯಾಡೋ?" ಎಂದಳು ಮಾಬೂಬಿ. ನಾಚಿಕೆಗೆ ಒಂದು ಡಜನ್ ಹಸಿರು ಬಳೆ ಇಡಿಸಿಕೊಂಡು ಬಂದೆ. ಮುಂದೊಮ್ಮೆ ಕೆಂಪು. ಕೈತುಂಬ ಬಳೆಯಾದವು, ಕಾಲಿನದು ಮಾತ್ರ ಹೋಗಲಿಲ್ಲ.

ನಾನು ನೀಲವ್ವ. ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಖಾನಾವಳಿ. ನಮ್ಮ ಮನೆಯವರು ಗಂಗಪ್ಪ ಗಲ್ಲಾದ ಮೇಲೆ ಕೂಡುತ್ತಾರೆ, ನಾನು ಒಲೆಯ ಮುಂದೆ. ಅವರ ಬಾಯಿಂದ ದಿನಕ್ಕೆ ನಾಕು ಮಾತು ಬಂದರೆ ಹೆಚ್ಚು, ಉಳಿದದ್ದೆಲ್ಲ ನಾನೇ ಆಡುತ್ತೇನೆ. ಮದುವೆಯಾಗಿ ಬಂದಾಗಿನಿಂದ ಜೋಳದ ರೊಟ್ಟಿ ಬಡಿಯುವುದೇ ನನ್ನ ಉದ್ಯೋಗ. ನೆಲದ ಮೇಲೆ ಮಣೆ, ಮಣೆಯ ಮೇಲೆ ನಾನು. ಎಡಗಾಲಿನ ಮೊಣಕಾಲು ಎದೆಗೆ ಹತ್ತುವ ಹಾಗೆ ಎತ್ತಿ, ಬಲಗಾಲು ಮಡಚಿ, ಮುಂದಕ್ಕೆ ಬಾಗಿ ಬಡಿಯಬೇಕು. ಕಿತ್ತೂರಿನಿಂದ, ಸವದತ್ತಿಯಿಂದ ಬಂದ ಮಂದಿ ಬಸ್ ಬಿಟ್ಟರೂ ಬಿಟ್ಟಾರು, ನನ್ನ ರೊಟ್ಟಿ ಬಿಡುವುದಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ.

ಕೂತರೆ ನೋವಿಲ್ಲ. ನಡೆದರಷ್ಟೇ ನೋವು. ಕೂತು ದುಡಿಯುವವಳಿಗೆ ಬೇನೆ ಬಂದರೆ ಯಾರು ನಂಬುತ್ತಾರೆ? ಮೇಲಾಗಿ ಜಾಗವಾದರೂ ಎಂಥದು! ಕುಂಡೆ ನೋಯುತ್ತದೆ ಎಂದು ಯಾರ ಮುಂದೆ ಹೇಳಲಿ? "ನರ ಹಿಡದೈತಿ" ಎಂದೆ.

ಆ ಒಂದು ಮಾತು ನನ್ನನ್ನು ಎಲ್ಲೆಲ್ಲಿ ಸುತ್ತಿಸಿತು ಎಂದರೆ!

ನಮ್ಮ ಕಡೆ ಮೈಯೊಳಗಿನ ದಾರದಂಥದ್ದೆಲ್ಲ ನರ. ರಕ್ತ ಹರಿಯುವುದೂ ನರ, ಜುಮ್ಮೆನ್ನುವುದೂ ನರ, ಹಿಮ್ಮಡಿಯ ಮೇಲೆ ಬಿಗಿದುಕೊಳ್ಳುವುದೂ ನರ. ನಾನು ನರ ಎಂದೆ, ಮಂದಿ ನರಕ್ಕೆ ಔಷಧ ಮಾಡಿದರು. ಖಾನಾವಳಿಯಲ್ಲಿ ಹಿಟ್ಟು ನಾದುವ ಕಲ್ಲವ್ವ ಎಣ್ಣೆ ಹಚ್ಚಿ ತಿಕ್ಕಿದಳು. ಕಿತ್ತೂರಿನ ಕಡೆ ಒಬ್ಬ ನರ ಎಳೆಯುವವನಿದ್ದ, ಅವನು ಎಳೆದ. ಕೊನೆಗೆ ಧಾರವಾಡದಲ್ಲಿ "ನರದ ಡಾಕ್ಟರ್" ಇದ್ದಾರೆ ಎಂದು ಯಾರೋ ಹೇಳಿದರು, ಸೀದಾ ಅಲ್ಲಿಗೇ ಹೋದೆವು. ಅವರದೇನು ತಪ್ಪು? ನಾನು ನರ ಎಂದೆ, ಅವರು ಬೆನ್ನಿನ ಫೋಟೋ ತೆಗೆಸಿದರು, ಎಲುಬು ಸವೆದಿದೆ ಎಂದು ಸೊಂಟಕ್ಕೊಂದು ಬೆಲ್ಟ್ ಕಟ್ಟಿದರು. ಅದನ್ನು ಬಿಗಿದುಕೊಂಡು ಒಲೆಯ ಮುಂದೆ ಕೂತರೆ ಉಸಿರು ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಬಿಚ್ಚಿ ಗೂಟಕ್ಕೆ ಹಾಕಿದೆ. ಈಗಲೂ ಅಲ್ಲೇ ಇದೆ, ಕಲ್ಲವ್ವ ಅದರ ಮೇಲೆ ಕೈವಸ್ತ್ರ ಒಣಹಾಕುತ್ತಾಳೆ.

ಆಮೇಲೆ ಎಡಗಾಲಿನ ಕಿರುಬೆರಳಿಗೆ ಒಂದು ಗಾಯವಾಯಿತು. ಮಾಯಲೊಲ್ಲದು. ಸಕ್ಕರೆ ಬೇನೆ ಮೊದಲೇ ಇತ್ತು, ಅದರದೇ ಇರಬೇಕೆಂದುಕೊಂಡೆ. ಊರಿಗೆ ಹೊಸದಾಗಿ ಬಂದ ಲೇಡಿ ಡಾಕ್ಟರೊಬ್ಬರು ನಮ್ಮಲ್ಲೇ ಮಧ್ಯಾಹ್ನದ ಊಟ ಮಾಡುತ್ತಿದ್ದರು. ತೋರಿಸಿದೆ. ಅವರು ಗಾಯ ನೋಡಿದ್ದು ಕಡಿಮೆ. ಪಾದದ ಮೇಲ್ಗಡೆ ಎರಡು ಬೆರಳಿಟ್ಟರು. ಸರಿಸಿ ಇಟ್ಟರು. ಹಿಮ್ಮಡಿಯ ಗಂಟಿನ ಹಿಂದೆ ಇಟ್ಟರು. ಆಮೇಲೆ ತೊಡೆಯ ಸಂದಿಗೆ.

"ಇಲ್ಲ," ಎಂದರು.

"ಏನಿಲ್ರಿ?"

"ಬಡಿತ ಇಲ್ರಿ ನೀಲಕ್ಕ. ರಕ್ತ ಕೆಳಗ ಬರವಲ್ದು. ಎಷ್ಟು ದೂರ ನಡದರ ನೋವು ಬರತೈತಿ?"

"ಬಳಿ ಅಂಗಡಿ ತನಕ."

ಅವರು ನಗಲಿಲ್ಲ. "ಇದು ನರ ಅಲ್ಲ. ರಕ್ತನಾಳ. ತಡ ಮಾಡಿದ್ರ ಬೆರಳಷ್ಟ ಹೋಗಂಗಿಲ್ಲ, ಕಾಲ ಹೋಗತೈತಿ," ಎಂದರು.

ಕಾಲು ಹೋಗುತ್ತದಂತೆ!

ಬೆಳಗಾವಿಗೆ ಹೋದೆವು. ದೊಡ್ಡ ಆಸ್ಪತ್ರೆ. ತೊಡೆಯ ಸಂದಿಯಲ್ಲಿ ಬಡಿತವೇ ಇಲ್ಲವಲ್ಲ, ಅದಕ್ಕೇ ತೋಳಿನಿಂದ ಸೂಜಿ ಹಾಕಿ, ಬಣ್ಣ ಬಿಟ್ಟು ಆಂಜಿಯೋಗ್ರಾಂ ಮಾಡಿದರು. ಅಲ್ಲಿಯ ಡಾಕ್ಟರು ನಡುವಯಸ್ಸಿನವರು, ತಾಳ್ಮೆಯ ಮನುಷ್ಯ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎದೆಯಿಂದ ಬಂದ ದೊಡ್ಡ ರಕ್ತನಾಳ ಹೊಕ್ಕಳದ ಹತ್ತಿರ ಕಾಲುವೆಯ ಹಾಗೆ ಎರಡು ಕವಲಾಗುತ್ತದೆ. ನನ್ನ ಎರಡೂ ಕವಲಿನ ಬಾಯಿ ಕಟ್ಟಿತ್ತು. ಬಲಗಡೆ ಅರೆಬರೆ. ಎಡಗಡೆ ಬಾಯಲ್ಲೂ ಬ್ಲಾಕ್, ಇನ್ನೂ ಕೆಳಗೆ, ತೊಡೆ ಮಡಚುವ ಕಡೆ, ಇನ್ನೊಂದು ಬ್ಲಾಕ್.

"ಬೀಡಿ, ಸಿಗರೇಟ?" ಎಂದು ನಮ್ಮ ಮನೆಯವರನ್ನು ಕೇಳಿದರು. ಕಾಲು ನನ್ನದು, ಪ್ರಶ್ನೆ ಅವರಿಗೆ! "ಇಲ್ರಿ" ಎಂದರು ಅವರು.

"ತಂಬಾಕ ತಿಂತೀರೇನ್ರಿ?" ಎಂದು ಆಮೇಲೆ ನನ್ನ ಕಡೆ ತಿರುಗಿದರು.

"ತಿನ್ನಂಗಿಲ್ರಿ. ತಿಕ್ಕತೇನಿ."

ಮಶೇರಿ. ಸುಟ್ಟ ತಂಬಾಕಿನ ಪುಡಿ. ಸಣ್ಣಾಕೆ ಇದ್ದಾಗಿನಿಂದ ಅದರಿಂದಲೇ ಹಲ್ಲು ತಿಕ್ಕಿದ್ದು, ನಮ್ಮವ್ವ ತಿಕ್ಕಿದ್ದೂ ಅದರಿಂದಲೇ. ಹಲ್ಲಿಗೆ ಹಚ್ಚುವುದು ತಂಬಾಕಿನ ಲೆಕ್ಕಕ್ಕೆ ಬರುತ್ತದೆಂದು ನಮಗೆ ಯಾರು ಹೇಳಿದ್ದರು? "ಇವತ್ತಿಂದ ಬಂದ್," ಎಂದರು ಡಾಕ್ಟರು. ಬಂದ್ ಮಾಡಿದೆ. ಮಾಡಿದ ಮೇಲೆ ವಾರಗಟ್ಟಲೆ ಕಂಡವರ ಮೇಲೆಲ್ಲ ಹರಿಹಾಯ್ದದ್ದು ಬೇರೆ ಮಾತು.

ಈಗ ರಕ್ತ ಹರಿಯಲು ಒಳಗೆ ಏನು ಹಾಕಬೇಕು ಎಂಬ ಮಾತು ಬಂತು. ಅವತ್ತು ನಮ್ಮ ಭಾವನವರೂ ಬಂದಿದ್ದರು. ಮನೆಯವರ ಅಣ್ಣ, ಬಜಾರದಲ್ಲಿ ಬಟ್ಟೆ ಅಂಗಡಿ. ಮನೆಯ ಹಿರಿಯರು ಅವರೇ, ಅವರು ಹೇಳಿದ್ದೇ ಕಡೆ. ನಾನು ಅವರ ಎದುರು ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲುವವಳು. ಅವತ್ತೂ ಹಿಂದಿನ ಸ್ಟೂಲಿನ ಮೇಲೆ ಕೂತಿದ್ದೆ.

ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಹೊಟ್ಟೆ ಕೊಯ್ದು ಬೈಪಾಸ್. ದೊಡ್ಡ ರಕ್ತನಾಳಕ್ಕೂ ಎರಡು ತೊಡೆಗಳಿಗೂ ಚಡ್ಡಿಯ ಆಕಾರದ ಬಟ್ಟೆಯ ಕೊಳವೆ ಹೊಲಿಯುವುದು. ಇನ್ನೊಂದು, ತೊಡೆಯ ಸಂದಿಯಿಂದ ತಂತಿ ಹಾಕಿ, ಬಲೂನಿನಿಂದ ಅಗಲ ಮಾಡಿ, ಒಳಗೆ ಸ್ಟೆಂಟ್ ಎಂಬ ಜಾಳಿಗೆ ಕೂಡಿಸುವುದು.

ಬಟ್ಟೆ ಎಂದ ಕೂಡಲೇ ಭಾವನವರ ಕಿವಿ ನಿಮಿರಿತು. "ಯಾವ ಬಟ್ಟಿರಿ?"

"ಪಾಲಿಯೆಸ್ಟರ್ ಜಾತಿದು."

"ಹಾಂ! ಪಾಲಿಯೆಸ್ಟರ್ ಬಾಳಿಕಿ ಬರತೈತಿ. ಹರಿಯಂಗಿಲ್ಲ, ಕುಗ್ಗಂಗಿಲ್ಲ. ಅದನ್ನ ಹಾಕಿ ಬಿಡ್ರಿ ಡಾಕ್ಟರ. ನಲವತ್ತು ವರ್ಷ ಅದನ್ನ ಮಾರೇನಿ ನಾನು."

ಡಾಕ್ಟರಿಗೆ ನಗು ಬಂದರೂ ತಡೆದುಕೊಂಡರು. ಭಾವನವರು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದೂ ಹೇಳಿದರು. ಬೈಪಾಸ್ ಹೆಚ್ಚು ವರ್ಷ ಬಾಳುತ್ತದೆ. ಆದರೆ ದೊಡ್ಡ ಆಪರೇಷನ್. ಸಕ್ಕರೆ ಬೇನೆ, ಒಲೆಯ ಹೊಗೆ ಕುಡಿದ ಪುಪ್ಪುಸ, ಜೀವಕ್ಕೆ ಅಪಾಯ ಹೆಚ್ಚು. ಸ್ಟೆಂಟ್ ಹಗುರ, ಆದರೆ ಮತ್ತೆ ಕಟ್ಟಿಕೊಳ್ಳಬಹುದು. "ಸ್ಟೆಂಟ್ ಹಾಕಿದ್ರ ಒಂದ ಮಾತು," ಎಂದು ಮನೆಯವರನ್ನು ನೋಡಿದರು. "ಇನ್ನ ಮ್ಯಾಲ ನೆಲದ ಮ್ಯಾಲ ಕುಂಡ್ರಬಾರದು. ಕುರ್ಚಿ ಮ್ಯಾಲ. ನಿಂತ ಅಡಗಿ ಮಾಡೋ ಕಟ್ಟಿ ಕಟ್ಟಸ್ರಿ."

"ಅದಕ್ಕೇನ್ರಿ, ಕಟ್ಟಸೂಣು," ಎಂದರು ಭಾವನವರು. "ಇಲ್ಲಂದ್ರ ಖಾನಾವಳಿ ಮುಚ್ಚಿದರಾತು. ಹೆಣ್ಣಮಗಳು, ಎಷ್ಟಂತ ದುಡಿತಾಳ? ಅನುಭವಿಸಿದ್ದು ಸಾಕು."

ಮೂರು ಗಂಡಸರು ನನ್ನ ಸೊಂಟದ ಬಗ್ಗೆ ಮಾತಾಡುತ್ತಿದ್ದಾರೆ. ನಾನು ಹಿಂದೆ ಸ್ಟೂಲಿನ ಮೇಲೆ. ನನ್ನ ಎದೆಯಲ್ಲಿ ಏನು ಎದ್ದಿತೋ ಈಗಲೂ ಹೇಳಲಾರೆ. ಸಿಟ್ಟೋ, ಅಂಜಿಕೆಯೋ, ಎರಡೂ ಕಲೆಸಿದ್ದೋ. ಬೇಕಾದದ್ದು ಮಾತ್ರ ಸ್ಪಷ್ಟ ಗೊತ್ತಿತ್ತು. ಕಾಲು ಉಳಿಯಬೇಕು, ಮಣೆಯೂ ಉಳಿಯಬೇಕು. ಒಂದನ್ನು ಕೊಟ್ಟು ಒಂದನ್ನು ತಗೋ ಎಂದರೆ ನಾನು ಒಲ್ಲೆ. ಆ ಒಲೆಯ ಮುಂದೆ ಕೂತೇ ನಾನು ಸೊಸೆಯಿಂದ ನೀಲಕ್ಕನಾದದ್ದು. ಅಲ್ಲಿಂದಲೇ ಖಾನಾವಳಿ ನಡೆಸಿದ್ದು, ಮಂದಿಯನ್ನು ಬೈದದ್ದು, ನಕ್ಕದ್ದು, ಅತ್ತದ್ದು. ನನ್ನನ್ನು ಅಲ್ಲಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂಡಿಸಿದರೆ ಉಳಿಯುವುದು ಎರಡು ಕಾಲಷ್ಟೇ.

"ಡಾಕ್ಟರ," ಎಂದೆ. ದನಿ ನನಗೇ ದೊಡ್ಡದೆನಿಸಿತು. "ನಾ ಹ್ಯಾಂಗ ಕುಂಡ್ರತೇನಂತ ಯಾರರ ಕೇಳೀರೇನ್ರಿ?"

"ನೀ ಸುಮ್ಮನಿರವಾ," ಎಂದರು ಭಾವನವರು.

"ಇಷ್ಟ ದಿನ ಸುಮ್ಮನ ಇದ್ದೇನ್ರಿ ಭಾವಾರ. ಇದು ಸೀರಿ ಆರಸೂದಲ್ಲ. ನನ್ನ ಸೊಂಟ ಐತಿ."

ಹೇಳಿದವಳೇ ಸ್ಟೂಲಿನಿಂದಿಳಿದು ಆಸ್ಪತ್ರೆಯ ನೆಲದ ಮೇಲೆ ಕೂತೆ. ಎಡ ಮೊಣಕಾಲು ಎದೆಗೆ. ಬಲಗಾಲು ಮಡಚಿ. ಮುಂದಕ್ಕೆ ಬಾಗಿದೆ. ಎದುರು ರೊಟ್ಟಿ ಬಡಿಯುವ ಪರಾತ ಇಲ್ಲ, ಹಿಟ್ಟಿಲ್ಲ, ಆದರೂ ಬರಿನೆಲದ ಮೇಲೆ ಪಟಪಟ ಬಡಿದು ತೋರಿಸಿದೆ. ಸೆರಗು ಎಲ್ಲಿ ಜಾರಿತ್ತೋ. ಭಾವನವರು ಗೋಡೆಯ ಕಡೆ ಮುಖ ತಿರುಗಿಸಿದರು. ನಮ್ಮ ಮನೆಯವರು ತಲೆ ತಗ್ಗಿಸಿದರು. ಬಾಗಿಲಲ್ಲಿ ನರ್ಸ್ ಬಾಯಿ ತೆರೆದು ನಿಂತಿದ್ದಳು.

ಡಾಕ್ಟರು ಮೇಜಿನ ಆ ಕಡೆಯಿಂದ ಎದ್ದು ಬಂದರು. ನನ್ನ ಮುಂದೆ ತಾವೂ ಕುಕ್ಕರುಗಾಲಿನಲ್ಲಿ ಕೂತರು. ಮಡಚಿದ ತೊಡೆಯ ಸಂದಿಯನ್ನು ನೋಡಿದರು. "ಇನ್ನೊಮ್ಮೆ ಬಾಗ್ರಿ," ಎಂದರು. ಬಾಗಿದೆ. "ದಿನಕ್ಕ ಎಷ್ಟು ಹೊತ್ತು?"

"ಊಟದ ಹೊತ್ತು ಮುಗಿಯೂತನಕ."

"ಹಿಂಗ ಅಂದ್ರ ಎಡಗಡೆ ರಕ್ತನಾಳ ಪೂರಾ ಮಣಿತೈತಿ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ನನ್ನನ್ನೇ ನೋಡಿ ಮಾತಾಡಿದರು. ಅವತ್ತಿನವರೆಗೆ ಅವರು ನನ್ನ ಮುಖ ನೋಡಿ ಹೇಳಿದ ಮೊದಲ ಉದ್ದನೆಯ ಮಾತು ಅದೇ. ಸ್ಟೆಂಟಿನಲ್ಲೂ ಎರಡು ಜಾತಿ ಇವೆ. ಬಲೂನಿನ ಮೇಲೆ ಬರುವುದು ಗಟ್ಟಿ ಉಕ್ಕಿನದು. ಇಟ್ಟ ಕಡೆ ಕೂದಲೆಳೆಯಷ್ಟೂ ಸರಿಯದೆ ಕೂಡುತ್ತದೆ, ಆದರೆ ಒತ್ತಿದರೆ ಜಜ್ಜಿಹೋಗುತ್ತದೆ. ಇನ್ನೊಂದು ಸ್ಪ್ರಿಂಗಿನಂಥದು. ತಾನೇ ಅರಳುತ್ತದೆ, ಮಣಿದರೂ ಮತ್ತೆ ಮೊದಲಿನಂತಾಗುತ್ತದೆ, ಆದರೆ ಇಂಥಲ್ಲೇ ಕೂಡು ಎಂದರೆ ಅಷ್ಟು ಮಾತು ಕೇಳುವುದಿಲ್ಲ. ಕಪಾಟಿನಿಂದ ಕಂಪನಿಯವರು ಕೊಟ್ಟ ನಮೂನೆ ತೆಗೆದು ನನ್ನ ಅಂಗೈಗೆ ಹಾಕಿದರು. ಮೊದಲನೆಯದನ್ನು ಬೆರಳಲ್ಲಿ ಒತ್ತಿದೆ, ಚಪ್ಪಟೆಯಾಯಿತು, ಹಾಗೇ ಉಳಿಯಿತು. ಎರಡನೆಯದನ್ನು ಒತ್ತಿದೆ. ಬಿಟ್ಟ ಕೂಡಲೇ ಎದ್ದು ಕೂತಿತು.

"ಇದು ನನ್ನಂಗ ಐತಿ," ಎಂದೆ. ನರ್ಸ್ ನಕ್ಕಳು.

"ಕವಲಿನ ಬಾಯಾಗ ಗಟ್ಟಿದು ಎರಡು ಹಾಕೂಣು, ಅಲ್ಲಿ ಮಣಿಯೋ ಮಾತಿಲ್ಲ," ಎಂದರು ಡಾಕ್ಟರು. "ಎಡಗಡೆ ಕೆಳಗ ಮಾತ್ರ ಸ್ಪ್ರಿಂಗಿಂದು. ಮೂರೂ ಗಟ್ಟಿದು ಹಾಕಬೇಕಂತ ಮಾಡಿದ್ದೆ. ಆದ್ರ ಅಕ್ಕಾರ, ಸುಳ್ಳು ಹೇಳಂಗಿಲ್ಲ. ಈ ಸ್ಟೆಂಟ್ ಮಾಡೋರ ದೇಶದಾಗ ಮಂದಿ ಕುರ್ಚಿ ಮ್ಯಾಲ ಕುಂಡ್ರತಾರ. ನಿಮ್ಮಂಗ ಕುಂತ್ರ ಎಷ್ಟು ವರ್ಷ ಬಾಳತೈತಿ ಅನ್ನೂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ."

"ಕುರ್ಚಿ ಮ್ಯಾಲ ಕುಂತ್ರ ಎಷ್ಟು ವರ್ಷ ಬಾಳತೇನಿ ಅನ್ನೂದು ಗೊತ್ತೈತೇನ್ರಿ?"

ನಮ್ಮ ಮನೆಯವರು ತಲೆ ಎತ್ತಿ, "ಆಕಿ ಹೇಳಿದ್ದ ಹಾಕ್ರಿ," ಎಂದರು. ಅವತ್ತು ಅವರಾಡಿದ ಎರಡನೆಯ ಮಾತು ಅದು.

ಊರಿಗೆ ಬರುವಾಗ ಭಾವನವರು ಬಸ್ಸಿನಲ್ಲಿ ನಮ್ಮನ್ನು ಬಿಟ್ಟು ಮುಂದಿನ ಸೀಟಿನಲ್ಲಿ ಕೂತರು.

ಆಪರೇಷನ್ ದಿನ ಪೂರ್ತಿ ಎಚ್ಚರವಿದ್ದೆ. ಎರಡೂ ತೊಡೆಯ ಸಂದಿಗೆ ಸೂಜಿ. ತಂತಿ ಹೋಗುವುದು ಗೊತ್ತಾಗುವುದಿಲ್ಲ, ಆದರೆ ಬಲೂನು ಉಬ್ಬಿಸಿದಾಗ ಹೊಟ್ಟೆಯ ತಳದಲ್ಲಿ, ಬೆನ್ನಿನಲ್ಲಿ ಹೆರಿಗೆ ನೋವಿನಂಥ ನೋವು. "ಯಪ್ಪಾ" ಎಂದು ಕೂಗಿದೆ. ಕೂಗಬಾರದೆಂದು ಅಂದುಕೊಂಡು ಹೋಗಿದ್ದೆ, ಆಗಲಿಲ್ಲ. ಡಾಕ್ಟರು ಎರಡೂ ಬಲೂನು ಒಮ್ಮೆಗೇ ಉಬ್ಬಿಸುತ್ತ ಜೊತೆಗಿದ್ದವರಿಗೆ ಇಂಗ್ಲಿಷಿನಲ್ಲಿ "ಕಿಸ್ಸಿಂಗ್, ಕಿಸ್ಸಿಂಗ್" ಎಂದರು. ಆಮೇಲೆ ವಾರ್ಡಿನಲ್ಲಿ ಅದೇನೆಂದು ಕೇಳಿದೆ. ಡಾಕ್ಟರು ಕೆಮ್ಮಿದರು. "ಅದು... ಎರಡು ಸ್ಟೆಂಟ್ ಬಾಯಿಗೆ ಬಾಯಿ ಹಚ್ಚಿ ಕುಂಡ್ರತಾವ್ರಿ, ಅದಕ್ಕ ಹಂಗ ಹೆಸರು," ಎಂದು ಕಿಟಕಿ ನೋಡಿದರು. ನರ್ಸ್ ಬಗ್ಗಿ ಕಿವಿಯಲ್ಲಿ ಅರ್ಥ ಹೇಳಿದಳು. ಹೊಲಿಗೆ ಇಲ್ಲದಿದ್ದರೂ ತೊಡೆ ನೋಯುವಷ್ಟು ನಕ್ಕೆ. ನಮ್ಮ ಮನೆಯವರ ಕಿವಿ ಕೆಂಪಾದವು.

ಸಂಜೆ ಪಾದ ಬೆಚ್ಚಗಾಯಿತು.

ಎಷ್ಟೋ ಕಾಲದಿಂದ ತಣ್ಣಗೆ, ಯಾರದೋ ಪಾದವೆಂಬಂತೆ ಇದ್ದದ್ದು ನನ್ನದಾಯಿತು. ಅಳು ಬಂತು. ಅತ್ತೆ. ಇದರಲ್ಲಿ ಮುಚ್ಚಿಡುವುದೇನಿದೆ?

ಮನೆಗೆ ಕಳಿಸುವ ಮುಂಚೆ ಡಾಕ್ಟರು ಪಾದದ ಮೇಲಿನ ಬಡಿತ ಮುಟ್ಟಿ ನೋಡಿಕೊಳ್ಳುವುದನ್ನು ಕಲಿಸಲು ಬಂದರು. ದಿನಾ ಮುಂಜಾನೆ ನೋಡಬೇಕು, ನಿಂತಿತೆಂದರೆ ಓಡಿ ಬರಬೇಕು. ನಾನು ಬೆರಳಿಟ್ಟೆ. ಏನೂ ತಿಳಿಯಲಿಲ್ಲ. ಮತ್ತೆ ಇಟ್ಟೆ. ಇಲ್ಲ. ಡಾಕ್ಟರು ನನ್ನ ಕೈ ತಿರುಗಿಸಿ ಬೆರಳ ತುದಿ ನೋಡಿದರು. ಕಾದ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಚರ್ಮ ಜಡ್ಡುಗಟ್ಟಿ ಹೋಗಿತ್ತು. ಬೆಂಕಿಯೇ ತಿಳಿಯದ ಬೆರಳಿಗೆ ಬಡಿತ ಎಲ್ಲಿ ತಿಳಿಯಬೇಕು?

"ನೀವು ನೋಡ್ರಿ ಹಂಗಾರ," ಎಂದರು ನಮ್ಮ ಮನೆಯವರಿಗೆ.

ಅವರು ಹಿಂದೆ ಸರಿದರು. ನಮ್ಮಲ್ಲಿ ಹೆಂಡತಿ ಗಂಡನ ಕಾಲು ಮುಟ್ಟುತ್ತಾಳೆ. ಗಂಡ ಹೆಂಡತಿಯ ಕಾಲು ಮುಟ್ಟುವುದು ಕೇಳಿದ್ದುಂಟೇ? ನಾನೂ ಪಾದ ಒಳಗೆಳೆದುಕೊಂಡೆ. ಡಾಕ್ಟರು ಅವರ ಕೈ ಹಿಡಿದು ನನ್ನ ಪಾದದ ಮೇಲೆ ಇಟ್ಟರು. ನಮ್ಮ ಮನೆಯವರು ಬೆರಳು ಒತ್ತಿ ನೋಡಿದರು. ಆಮೇಲೆ ಮೆಲ್ಲಗೆ, "ಐತಿ," ಎಂದರು.

ಊರಿಗೆ ಬಂದ ಮೇಲೆ ದಿನಾ ಮುಂಜಾನೆ ಕೋಣೆಯ ಬಾಗಿಲು ಹಾಕಿ, ಕಳ್ಳನ ಹಾಗೆ, ಬಡಿತ ನೋಡುತ್ತಿದ್ದರು. ಆದರೂ ಒಂದು ದಿನ ಕಿಟಕಿಯಿಂದ ಭಾವನವರ ಕಣ್ಣಿಗೆ ಬಿತ್ತು. "ಹೇಣ್ತಿ ಕಾಲ ಹಿಡೀತಿಯೇನೋ ಗಂಗಪ್ಪಾ? ಇಷ್ಟಕ್ಕ ಬಂತೇನು?" ಎಂದರು. ನಮ್ಮ ಮನೆಯವರು ಮರುದಿನವೂ ಬಾಗಿಲು ಹಾಕಿಯೇ ನೋಡಿದರು.

ಕಿರುಬೆರಳಿನ ಗಾಯ ಮಾಯಿತು, ನಾನು ನಡೆಯಲು ಹತ್ತಿದೆ. ಸವದತ್ತಿ ರಸ್ತೆಯ ಕಡೆ ಹೋಗಿ ಬರುವುದು, ಆಮೇಲೆ ಬಜಾರ. ಬಳೆ ಅಂಗಡಿಯ ಮುಂದೆ ನಿಲ್ಲದೆ ದಾಟಿದ ದಿನ ಮಾಬೂಬಿ ಹೊರಗೋಡಿ ಬಂದು, "ಯಾಕ ನೀಲಕ್ಕಾ, ನನ್ನ ಮ್ಯಾಲ ಸಿಟ್ಟೇನು?" ಎಂದು ಕೂಗಿದಳು. ನಗುತ್ತ ವಾಪಸು ಹೋಗಿ ಅವಳ ಕೈ ಹಿಡಿದು ಎಲ್ಲ ಹೇಳಿದೆ. ನೋವಿಗೆ ಬಳೆ ಮಾರಿದೆನಲ್ಲ ಎಂದು ಆಕೆಗೂ ನಗು, ಅಳು ಎರಡೂ.

ಅಷ್ಟರಲ್ಲಿ ಖಾನಾವಳಿಯಲ್ಲಿ ಭಾವನವರು ನಿಂತು ಬಡಿಯುವ ಕಟ್ಟೆ ಕಟ್ಟಿಸಿಬಿಟ್ಟಿದ್ದರು. ಕಲ್ಲು ಹಾಸಿದ ಚೆಂದದ ಕಟ್ಟೆ. ಒಂದೆರಡು ದಿನ ನಿಂತು ಬಡಿದೆ. ರೊಟ್ಟಿಗೆ ಬರೀ ತೋಳಿನ ಪೆಟ್ಟು ಬೀಳುತ್ತಿತ್ತು, ಮೈಭಾರ ಬೀಳಲೊಲ್ಲದು. ದಪ್ಪ ದಪ್ಪ ರೊಟ್ಟಿ. ಈಗ ಆ ಕಟ್ಟೆಯ ಮೇಲೆ ನೀರಿನ ಕೊಡ ಇಡುತ್ತೇವೆ.

ಬೆಳಗಾವಿಯ ತಪಾಸಣೆಯಲ್ಲಿ ಡಾಕ್ಟರು ನನ್ನನ್ನು ನೆಲದ ಮೇಲೆ ಬಡಿಯುವ ಹಾಗೇ ಕೂಡಿಸಿ, ಪಾದಕ್ಕೆ ಮಷೀನು ಹಿಡಿದು ಬಡಿತ ಕೇಳಿದರು. ಸಪ್ಪಳ ಬರುತ್ತಿತ್ತು. "ಕುಂಡ್ರಿ," ಎಂದರು. "ಆದ್ರ ನಡುವ ನಡುವ ಏಳ್ರಿ, ನಡೀರಿ, ಗುಳಿಗಿ ತಪ್ಪಸಬ್ಯಾಡ್ರಿ. ಗ್ಯಾರಂಟಿ ಮಾತ್ರ ಕೇಳಬ್ಯಾಡ್ರಿ."

ಕೇಳಲಿಲ್ಲ. ನಾನು ಬಡಿದ ರೊಟ್ಟಿಗೆ ಯಾರೂ ಗ್ಯಾರಂಟಿ ಕೇಳಿಲ್ಲ.

ಮೊದಲ ದಿನ ಮಣೆ ಹಾಕಿಕೊಂಡು ಕೂತಾಗ ಊಟದ ಹೊತ್ತು. ಖಾನಾವಳಿ ತುಂಬಿತ್ತು. ಎಂ.ಕೆ. ಹುಬ್ಬಳ್ಳಿಗೆ ಕಬ್ಬು ಒಯ್ಯುವ ಲಾರಿಯವರು, ಮನೋಳಿಯ ಮಂದಿ, ಮೂಲೆಯಲ್ಲಿ ನಮ್ಮ ಭಾವನವರು. ಸಿಟ್ಟಿದ್ದರೂ ಊಟ ಇಲ್ಲಿಯೇ. ಕಲ್ಲವ್ವ ಹಿಟ್ಟಿನ ಮುದ್ದೆ ಕೊಟ್ಟಳು. ಎಡ ಮೊಣಕಾಲು ಎತ್ತಿದೆ. ಒಳಗಿನ ಆ ಸ್ಪ್ರಿಂಗು ಈಗ ಮಣಿಯುತ್ತಿದೆ, ಈಗ ಮಣಿಯುತ್ತಿದೆ ಎಂದು ಮನಸ್ಸು ಅಲ್ಲೇ ನೆಟ್ಟಿತ್ತು. ಬಾಗಿದೆ. ಬಡಿದೆ. ಒಂದಾಯಿತು, ಎರಡಾಯಿತು, ಪರಾತದ ಸಪ್ಪಳ ಮೊದಲಿನ ಹಾಗೇ ಎದ್ದಿತು. ಉಣ್ಣುವವರು ಮಾತು ನಿಲ್ಲಿಸಿ ಈ ಕಡೆ ನೋಡಿದರು.

ಆಗ ನಮ್ಮ ಮನೆಯವರು ಗಲ್ಲಾ ಬಿಟ್ಟು ಎದ್ದರು.

ರೊಕ್ಕ ಹಿಡಿದು ನಿಂತವರನ್ನು ಬಿಟ್ಟು, ಸಾಲಿನ ನಡುವೆ ಹಾಯ್ದು, ಒಲೆಯ ಹತ್ತಿರ ಬಂದರು. ಧೋತರ ಎತ್ತಿಕೊಂಡು ನನ್ನ ಎದುರು ಕೂತರು. ಸೀರೆಯ ಅಂಚು ಸ್ವಲ್ಪ ಸರಿಸಿ, ಎಲ್ಲರ ಎದುರು, ತಮ್ಮ ಅಣ್ಣನ ಎದುರು, ನನ್ನ ಪಾದದ ಮೇಲೆ ಎರಡು ಬೆರಳಿಟ್ಟರು. ಭಾವನವರ ಕೈಯ ತುತ್ತು ತಾಟಿನ ಮೇಲೇ ನಿಂತಿತು. ನಾನು ಬಡಿಯುವುದನ್ನು ನಿಲ್ಲಿಸಿದೆ. ನಾಚಿಕೆಯಿಂದ ಕಾಲು ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಳ್ಳಲಿಲ್ಲ.

ಅವರು ಕಣ್ಣು ಮುಚ್ಚಿದರು. ಹುಡುಕಿದರು. ಬೆರಳು ಸರಿಸಿದರು.

"ಐತಿ!" ಎಂದರು. ಇಡೀ ಖಾನಾವಳಿಗೆ ಕೇಳುವ ಹಾಗೆ.

"ಇದ್ರ ಏಳ್ರಿ ಮತ್ತ, ಗಲ್ಲಾದ ಮುಂದ ಮಂದಿ ನಿಂತಾರ," ಎಂದೆ. ಕಣ್ಣಲ್ಲಿ ನೀರಿತ್ತು, ಹೊಗೆಯದೆಂದು ತಿಳಿಯುವವರು ತಿಳಿಯಲಿ. ಹಂಚಿನಿಂದಿಳಿದ ಬಿಸಿ ರೊಟ್ಟಿಯನ್ನು ಕಲ್ಲವ್ವನ ಕೈಲಿ ಭಾವನವರ ತಾಟಿಗೆ ಕಳಿಸಿದೆ. ಅವರು ರೊಟ್ಟಿ ಮುರಿದರು.

"ತೆಳ್ಳಗ ಬಂದೈತಿ," ಎಂದರು. "ಇನ್ನೊಂದು ಹಾಕವಾ."

ಹಿಟ್ಟು ತಗೊಂಡೆ. ಬಾಗಿದೆ.